ದುಡ್ಡು ಕೊಡದೆ ಹಾಡು, ಸೀರೀಸ್ ಡೌನ್‌ಲೋಡ್ ಮಾಡಿದರೆ ನಷ್ಟ ಆಗುವುದಾದರೂ ಯಾರಿಗೆ?

ಮಣಿಪಾಲದ ಹಾಸ್ಟೆಲ್, ಕಿಸೆಯಲ್ಲಿ ಐದಾರು ಒಟಿಟಿಗೆ ಆಗುವಷ್ಟು ದುಡ್ಡಿಲ್ಲ, ಟೊರೆಂಟ್ ಉಂಟು, ಟೆಲಿಗ್ರಾಂ ಉಂಟು. "ನಾನು ಹೇಗೂ ದುಡ್ಡು ಕೊಟ್ಟು ನೋಡುವವನಲ್ಲ, ಹಾಗಿದ್ದ ಮೇಲೆ ನನ್ನಿಂದ ಯಾರಿಗೆ ಏನು ನಷ್ಟ, ಇದು ಕಳ್ಳತನ ಹೇಗೆ" ಎಂದು ಕೇಳಿದ್ದೀರಿ. ಮಾರಾಯ್ರೆ, ಇದೇ ವಾದವನ್ನು ನಾನು ಮೆಸ್ಸಿನಲ್ಲಿ ಕೂತು ಸಾರು ಆರಿ ಹೋಗುವವರೆಗೆ ಮಾಡುತ್ತಿದ್ದೆ. ಗೆಲ್ಲುತ್ತಲೂ ಇದ್ದೆ.

ನಾನು ಓದಿದ್ದು ಮಂಗಳೂರಿನ ಹೊರಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಆಗಿನ ನೆಟ್‌ನಲ್ಲಿ ಒಂದು ಸಿನಿಮಾ ಇಳಿಯಬೇಕಾದರೆ ರಾತ್ರಿಯಿಡೀ ಬೇಕು, ನಡುವೆ ಕರೆಂಟು ಹೋದರೆ ಮುಗಿಯಿತು ಕಥೆ. ಆದರೆ ಹಾಸ್ಟೆಲ್ ಒಳಗಿನ ಲ್ಯಾನ್, ಅಂದರೆ ಕಂಪ್ಯೂಟರುಗಳನ್ನು ಜೋಡಿಸಿದ ಒಳಜಾಲ, ಭರ್ಜರಿ. ಡಿಸಿ ಪ್ಲಸ್ ಪ್ಲಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ ಇಡೀ ಹಾಸ್ಟೆಲಿನ ಹಾರ್ಡ್‌ಡಿಸ್ಕ್‌ಗಳೆಲ್ಲ ನಿಮ್ಮದೇ. ಒಂದೇ ಷರತ್ತು, ತಗೊಳ್ಳಬೇಕಾದರೆ ಕೊಡಬೇಕು. 'ಹಬ್' ಎಂಬ ಹಂಚಿಕೆಯ ಕೂಟಕ್ಕೆ ಸೇರುವವನು ಇಂತಿಷ್ಟು ಜಿಬಿ ಶೇರ್ ಮಾಡಿರಲೇಬೇಕು, ಅದಕ್ಕಿಂತ ಕಡಿಮೆಯಾದರೆ ಒಳಗೆ ಬಂದ ಕೂಡಲೇ ಕಾವಲಿಗಿದ್ದ ಬಾಟ್ ಎಂಬ ಪ್ರೋಗ್ರಾಂ ಹೊರಗೆ ದೂಡುತ್ತಿತ್ತು.

ಅದೇ ಹೊತ್ತಿಗೆ ನಾನು ಉಡುಪಿಯ ಒಂದು ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟ್ ಮಾಡಿ ಕೊಡುತ್ತಿದ್ದೆ. (ಆ ಎಡಿಟಿಂಗ್ ಸಾಫ್ಟ್‌ವೇರೂ ಕ್ರ್ಯಾಕ್ ಮಾಡಿದ್ದೇ. ಈ ಉತ್ತರ ಬರೆಯುವವನ ಯೋಗ್ಯತೆ ಮೊದಲೇ ಗೊತ್ತಿರಲಿ.) ಇಂಜಿನಿಯರಿಂಗ್ ಅಪ್ಪನಿಗಾಗಿ, ಎಡಿಟಿಂಗ್ ನನಗಾಗಿ ಎಂಬ ಲೆಕ್ಕ. ಓದು ಮುಗಿದ ಮೇಲೆ ಅದರಲ್ಲೇ ಮುಂದುವರಿಯುವ ಯೋಚನೆ ಗಟ್ಟಿಯಾಗಿತ್ತು. ಆಗ ಸ್ಟುಡಿಯೋಗೆ ಒಂದು ದೊಡ್ಡ ಕೆಲಸ ಬಂತು: ಕಾಪು ಕಡೆಯ ಒಂದು ತುಳು ನಾಟಕ ತಂಡದ ಆ ವರ್ಷದ ಹಾಸ್ಯ ನಾಟಕವನ್ನು ಮೂರು ಕ್ಯಾಮರಾ ಇಟ್ಟು ಶೂಟ್ ಮಾಡಿ ವಿಸಿಡಿ ಮಾಡುವುದು.

ತಂಡದ ಯಜಮಾನರು ಹಗಲು ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವವರು. ನಾಟಕ ಬರೆದದ್ದೂ ಅವರೇ, ಮುಖ್ಯ ಪಾತ್ರವೂ ಅವರದ್ದೇ, ಸೆಟ್ಟು ಹೇರಿಕೊಂಡ ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂರುವವರೂ ಅವರೇ. ಇಂಥ ತಂಡಗಳ ವರ್ಷ ಹೇಗೆಂದರೆ, ದೀಪಾವಳಿಯಿಂದ ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಸೀಸನ್. ಯುವಕ ಮಂಡಲದ ವಾರ್ಷಿಕೋತ್ಸವ, ಬ್ರಹ್ಮಕಲಶ, ಜಾತ್ರೆ, ಭಜನಾ ಮಂದಿರದ ಮಂಗಲೋತ್ಸವ, ಎಲ್ಲಿ ಕರೆದರೆ ಅಲ್ಲಿ ಆಟ. ಪತ್ತನಾಜೆ ಆದ ಮೇಲೆ ಮಳೆ, ಬಯಲಿನಲ್ಲಿ ಕಾರ್ಯಕ್ರಮ ಇಲ್ಲ. ಜನ ಮನೆಯೊಳಗೆ ಕೂರುವ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಸರಿಯಾಗಿ ವಿಸಿಡಿ ಬಿಡಬೇಕು. ಅಷ್ಟರವರೆಗೆ ವಿಡಿಯೋ ಯಾರ ಕಣ್ಣಿಗೂ ಬೀಳಬಾರದು. ಇದನ್ನು ಯಜಮಾನರು ಸ್ಟುಡಿಯೋದಲ್ಲಿ ನನಗೆ ಹೇಳಿಯೇ ಟೇಪ್ ಕೊಟ್ಟದ್ದು. "ತಮ್ಮಾ, ಹಾಸ್ಯ ಒಮ್ಮೆ ಗೊತ್ತಾದರೆ ಮತ್ತೆ ನಾಟಕ ಇಲ್ಲ" ಅಂದಿದ್ದರು. ನಾನು ತಲೆ ಆಡಿಸಿದೆ.

ಈಗ ನಾನು ಮಾಡಿದ ತಪ್ಪಿನ ವಿಷಯ, ಒಂದು ಟಿಕ್ ಮಾರ್ಕ್. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದನ್ನೇ ನೀವು ಈಗ ಬೇರೆ ರೂಪದಲ್ಲಿ ಮಾಡುತ್ತಿದ್ದೀರಿ.

ಮಿನಿ ಡಿವಿ ಟೇಪಿನಿಂದ ಕಂಪ್ಯೂಟರಿಗೆ ಹಾಕಿಕೊಂಡರೆ ಒಂದು ಗಂಟೆಯ ವಿಡಿಯೋಗೆ ಸುಮಾರು 13 ಜಿಬಿ ಬೇಕು. ಎರಡೂವರೆ ಗಂಟೆಯ ನಾಟಕ, ಮೂರು ಕ್ಯಾಮರಾ. ಹತ್ತಿರ ಹತ್ತಿರ 100 ಜಿಬಿ ಆಯಿತು. ಆ ಕಾಲದ ಹಾರ್ಡ್‌ಡಿಸ್ಕಿಗೆ ಅದು ಸಣ್ಣ ಹೊರೆ ಅಲ್ಲ. ಜಾಗ ಮಾಡಲು ಡಿ ಡ್ರೈವಿನಲ್ಲಿದ್ದ ಸಿನಿಮಾಗಳನ್ನೆಲ್ಲ ಅಳಿಸಿದೆ. ಅಳಿಸಿದ್ದರಿಂದ ನನ್ನ ಶೇರ್ ಕಡಿಮೆಯಾಯಿತು, ಬಾಟ್ ಹೊರಗೆ ದೂಡಿತು. ಇಂಟರ್ನಲ್ಸ್ ಮುಗಿದಿತ್ತು, ಒಂದು ಅಮೆರಿಕನ್ ಸೀರೀಸಿನ ಹೊಸ ಸೀಸನ್ ಹಬ್ಬಿಗೆ ಬಂದಿದೆ ಎಂದು ಪಕ್ಕದ ರೂಮಿನವ ಹೇಳಿದ್ದ. ನನಗೆ ಅದು ಆ ರಾತ್ರಿಯೇ ಬೇಕು. ಹಾಗಾಗಿ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ, ಮೊದಲು 'ಮೂವೀಸ್' ಎಂಬ ಒಂದೇ ಫೋಲ್ಡರಿಗೆ ಇದ್ದ ಟಿಕ್ಕನ್ನು ಇಡೀ ಡಿ ಡ್ರೈವಿಗೆ ಹಾಕಿದೆ. ಡ್ರೈವಿಗೆ ಟಿಕ್ ಬಿದ್ದರೆ ಒಳಗಿನ ಫೋಲ್ಡರುಗಳೆಲ್ಲ ತಾನಾಗಿ ಸೇರುತ್ತವೆ, ಬೇಡದ್ದನ್ನು ಕೂತು ಒಂದೊಂದಾಗಿ ತೆಗೆಯಬೇಕು. ತೆಗೆಯಲಿಲ್ಲ. ನಾಟಕದ ಟೇಪುಗಳ ತೂಕದಿಂದ ನನ್ನ ಶೇರ್ ಸೈಜ್ ಒಮ್ಮೆಲೇ ಏರಿತು, ಹಬ್ ಒಳಗೆ ಬಿಟ್ಟುಕೊಂಡಿತು. ಅಷ್ಟು ದೊಡ್ಡ ಕಚ್ಚಾ ಫೈಲುಗಳನ್ನು ಯಾರು ಎಳೆದುಕೊಳ್ಳುತ್ತಾರೆ ಎಂಬ ಧೈರ್ಯ ನನ್ನದು. ಅದು ನಿಜ ಕೂಡ, ಅವನ್ನು ಯಾರೂ ಮುಟ್ಟಲಿಲ್ಲ.

ಆದರೆ ಅದೇ ಫೋಲ್ಡರಿನಲ್ಲಿ ಯಜಮಾನರಿಗೆ ತೋರಿಸಲು ಮಾಡಿದ 700 ಎಂಬಿಯ ಪ್ರಿವ್ಯೂ ಕಾಪಿ ಇತ್ತು, ನಾಟಕದ ಪೂರ್ತಿ ಹೆಸರಿನಲ್ಲಿ. ಶೇರ್ ಆಗುವ ಮೊದಲು ಸಾಫ್ಟ್‌ವೇರ್ ಪ್ರತಿ ಫೈಲನ್ನೂ ಹ್ಯಾಶ್ ಮಾಡುತ್ತದೆ, ಅಂದರೆ ಓದಿ ಅದಕ್ಕೊಂದು ಗುರುತು ಲೆಕ್ಕ ಹಾಕುತ್ತದೆ. ಕಿಟಕಿಯಲ್ಲಿ ಒಂದೊಂದೇ ಹೆಸರು ಮೇಲೆ ಹೋಗುತ್ತಿರುತ್ತದೆ. ಆ ನಾಟಕದ ಹೆಸರೂ ಹೋಯಿತು. ಓದಿದೆ. ಓದಿ, ಚಹಾ ಕುಡಿಯಲು ಎದ್ದು ಹೋದೆ.

ಮುಂದಿನದ್ದು ಆಮೇಲೆ ವಿಚಾರಿಸಿ ತಿಳಿದದ್ದು. ಹಾಸ್ಟೆಲಿನಲ್ಲಿದ್ದ ಬೆಳ್ತಂಗಡಿ ಕಡೆಯ ಹುಡುಗನೊಬ್ಬ ಅಜ್ಜಿಗೆ ತೋರಿಸಬೇಕೆಂದು ಪೆನ್‌ಡ್ರೈವಿನಲ್ಲಿ ಊರಿಗೆ ಒಯ್ದ. ಅವನ ಅಣ್ಣನ ಪೆನ್‌ಡ್ರೈವಿಗೆ ಅದು ಹೋಯಿತು. ಅಲ್ಲಿಂದ ಸಾಂಗ್ಸ್ ಲೋಡ್ ಮಾಡುವ ಮೊಬೈಲ್ ಅಂಗಡಿಗೆ. ಆಗಿನ ಅಂಗಡಿಗಳು ಗೊತ್ತಲ್ಲ, ಗಾಜಿನ ಮೇಲೆ ಪ್ರಿಂಟ್‌ಔಟ್ ಅಂಟಿಸಿ, ಮೆಮೊರಿ ಕಾರ್ಡ್ ಕೊಟ್ಟರೆ ಭಕ್ತಿಗೀತೆ, ಡಿಜೆ, ಕೊಂಕಣಿ ಹಾಡು, ಯಕ್ಷಗಾನ ಎಲ್ಲ ಒಟ್ರಾಶಿ ತುಂಬಿಸಿ ಕೊಡುತ್ತಿದ್ದವು. ಅವರು ನಾಟಕವನ್ನು ತ್ರೀಜಿಪಿ ಮಾಡಿ ಸಣ್ಣ ಸ್ಕ್ರೀನಿಗೆ ಇಳಿಸಿದರು. ಜನವರಿ ಮುಗಿಯುವಷ್ಟರಲ್ಲಿ ಅದು ಗಲ್ಫಿನಲ್ಲಿತ್ತು.

ಕಿನ್ನಿಗೋಳಿ ಹತ್ತಿರದ ಒಂದು ಯುವಕ ಮಂಡಲದಲ್ಲಿ ನಾಟಕ ಇತ್ತು, ಸ್ಟುಡಿಯೋದ ಅಣ್ಣನ ಜೊತೆ ಫೋಟೋ ತೆಗೆಯಲು ನಾನೂ ಹೋಗಿದ್ದೆ. ಎರಡನೇ ದೃಶ್ಯದಲ್ಲಿ ಯಜಮಾನರು ಹರಿದ ಕೊಡೆ ಹಿಡಿದು ಬರುತ್ತಾರೆ, ಕೊಡೆ ಮಡಚುತ್ತಾರೆ, ಅಳಿಯನ ಮುಖ ನೋಡುತ್ತಾರೆ, ಸುಮ್ಮನೆ ನಿಲ್ಲುತ್ತಾರೆ. ಆ ನಿಲ್ಲುವುದರಲ್ಲೇ ಇಡೀ ದೃಶ್ಯದ ಜೀವ. ಜನ ಕಾದು ಕಾದು, ಮಾತು ಬಂದ ಕೂಡಲೇ ಬಿದ್ದು ಬಿದ್ದು ನಗುವುದು. ಆ ರಾತ್ರಿ ಅವರು ನಿಂತದ್ದೇ ತಡ, ಎದುರಿನ ಸಾಲಿನ ಹುಡುಗನೊಬ್ಬ ಆ ಮಾತನ್ನು ಕಿರುಚಿ ಹೇಳಿದ. ಜನ ಹುಡುಗನಿಗೆ ನಕ್ಕರು. ಯಜಮಾನರು ಅದೇ ಮಾತನ್ನು ಪುನಃ ಹೇಳಲೇಬೇಕಾಯಿತು, ಯಾಕೆಂದರೆ ಅಳಿಯನ ಪಾತ್ರದವನ ಉತ್ತರ ಅದರ ಮೇಲೆ ನಿಂತಿದೆ. ಯಾರೂ ನಗಲಿಲ್ಲ. ಮುಂದಿನ ದೃಶ್ಯದಲ್ಲಿ ಹುಡುಗನ ಜೊತೆ ಇನ್ನೂ ನಾಲ್ಕು ಮಂದಿ ಸೇರಿಕೊಂಡರು.

ಮರುವಾರ ಯಜಮಾನರು ಸ್ಟುಡಿಯೋಗೆ ಬಂದರು. ಕೈಯಲ್ಲಿ ಯಾರದ್ದೋ ಮೊಬೈಲು. ಪ್ರಿವ್ಯೂನಲ್ಲಿ ಒಂದು ಕಡೆ ಕ್ಯಾಮರಾದವ ಟೇಪ್ ಬದಲಿಸಿದ ಗ್ಯಾಪ್ ಇತ್ತು, ಅಲ್ಲಿಗೆ ಬೇರೆ ಕ್ಯಾಮರಾದ ಶಾಟ್ ಹಾಕಲು ಬಾಕಿ ಇಟ್ಟಿದ್ದೆ. ಸ್ಕ್ರೀನ್ ಕಪ್ಪಾಗಿ ಮಾತು ಮಾತ್ರ ಕೇಳುತ್ತದೆ. ಮೊಬೈಲಿನಲ್ಲೂ ಅಲ್ಲಿಗೇ ಸರಿಯಾಗಿ ಕಪ್ಪಾಯಿತು. "ಇದು ನಮಗೆ ತೋರಿಸಿದ ಕಾಪಿ ಅಲ್ವಾ ತಮ್ಮಾ?" ಅಂದರು. ಆಮೇಲೆ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆದರೆ ನನ್ನ ಉತ್ತರವನ್ನೇ ಅಳಿಸುತ್ತಾರೆ. ಅವರು ಬೈಯುತ್ತಿದ್ದಾಗಲೇ ಒಂದು ಸಮಿತಿಯವರ ಫೋನ್ ಬಂತು: "ಆ ನಾಟಕ ನಮ್ಮ ಮಕ್ಕಳೆಲ್ಲ ಮೊಬೈಲಲ್ಲಿ ನೋಡಿ ಆಯ್ತು, ಹೊಸತು ಉಂಟಾ?"

ಹೊಸತು ಇರಲಿಲ್ಲ. ಬುಕ್ಕಿಂಗ್ ಒಂದೊಂದಾಗಿ ಬಿಟ್ಟು ಹೋಯಿತು, ವಿಸಿಡಿ ಬರಲೇ ಇಲ್ಲ. ಸ್ಟುಡಿಯೋದವರು ಆ ಕೆಲಸದ ದುಡ್ಡು ಕೊಡಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಮದುವೆ ಕೆಲಸ ಕೊಡುವುದನ್ನೂ ನಿಲ್ಲಿಸಿದರು. ಉಡುಪಿ, ಮಂಗಳೂರಿನಲ್ಲಿ ಸ್ಟುಡಿಯೋದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಬೇರೆ ಬಾಗಿಲೂ ತೆರೆಯಲಿಲ್ಲ. ಈಗ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದೇನೆ. ಅಪ್ಪನಿಗೆ ಖುಷಿ.

ಈಗ ನಿಮ್ಮ ಲೆಕ್ಕ ತೆಗೆಯಿರಿ. ಬೆಳ್ತಂಗಡಿಯ ಹುಡುಗ ವಿಸಿಡಿ ಕೊಳ್ಳುವವನಲ್ಲ. ಅವನ ಅಜ್ಜಿ ರಾತ್ರಿ ಹನ್ನೊಂದಕ್ಕೆ ಬಯಲಿಗೆ ಹೋಗಿ ನಾಟಕ ನೋಡುವವರಲ್ಲ. ಗಲ್ಫಿನಲ್ಲಿದ್ದವನಿಗೆ ಕಿನ್ನಿಗೋಳಿಗೆ ಬರಲು ಆಗುವುದಿಲ್ಲ. ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ "ನಾನು ಹೇಗೂ ದುಡ್ಡು ಕೊಡುತ್ತಿರಲಿಲ್ಲ" ಎಂಬ ಮಾತು ನೂರಕ್ಕೆ ನೂರು ಸತ್ಯ, ಒಟ್ಟು ನಷ್ಟ ಸೊನ್ನೆ. ಹಾಗಾದರೆ ಬುಕ್ಕಿಂಗ್ ಹೋದದ್ದು ಹೇಗೆ? ನಿಮ್ಮ ಪ್ರಶ್ನೆ ನಿಮ್ಮ ಕಿಸೆಯನ್ನು ಮಾತ್ರ ನೋಡುತ್ತದೆ, ನಿಮ್ಮ ಕೈ ದಾಟಿ ಫೈಲು ಎಲ್ಲಿಗೆ ಹೋಯಿತು ಎಂಬುದನ್ನು ನೋಡುವುದೇ ಇಲ್ಲ. ಹಾಗಾಗಿ ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಕಳ್ಳತನ ಹೌದೋ ಅಲ್ಲವೋ ಎಂಬ ಚರ್ಚೆಯೂ ನನಗೆ ಬೇಡ. ಕಾನೂನು ಅದನ್ನು ಹಕ್ಕುಸ್ವಾಮ್ಯ ಉಲ್ಲಂಘನೆ ಎನ್ನುತ್ತದೆ. ನಿಮ್ಮ ಗೆಳೆಯ ಹೇಳಿದ "ಸ್ವಂತಕ್ಕಾದರೆ ತೊಂದರೆ ಇಲ್ಲ" ಎಂಬುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಖಾಸಗಿ ಬಳಕೆಯ ರಿಯಾಯಿತಿ ಉಂಟು. ಆದರೆ ಟೊರೆಂಟಿಗೆ ಅದು ಹೊದಿಕೆ ಆಗುವುದಿಲ್ಲ, ಯಾಕೆಂದರೆ ನೀವು ಇಳಿಸಿಕೊಳ್ಳುತ್ತಿರುವಾಗಲೇ ಬಂದ ತುಂಡುಗಳನ್ನು ಅದು ಬೇರೆಯವರಿಗೆ ಕಳಿಸುತ್ತಿರುತ್ತದೆ. ನನ್ನ ಟಿಕ್ ಕಣ್ಣಿಗೆ ಕಾಣುತ್ತಿತ್ತು, ನಿಮ್ಮದು ಮೊದಲೇ ಬಿದ್ದಿದೆ, ಅಷ್ಟೇ ವ್ಯತ್ಯಾಸ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್: ಆರು ತಿಂಗಳಿನಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯ ಹೆಸರಿಗೂ ವಿಡಿಯೋ, ಆಡಿಯೋ ಪೈರೇಟುಗಳನ್ನು ಆಮೇಲೆ ಸೇರಿಸಿದ್ದಾರೆ. ನಿಮ್ಮ ರೂಮಿಗೆ ಪೊಲೀಸರು ಬರುತ್ತಾರೆ ಎಂದು ಹೆದರಿಸುತ್ತಿಲ್ಲ, ನನ್ನ ಹತ್ತಿರವೂ ಯಾರೂ ಬಂದಿರಲಿಲ್ಲ.

ಅಮೆರಿಕದ ದೊಡ್ಡ ಸೀರೀಸ್ ನೀವು ಕದ್ದು ನೋಡಿದಿರಿ ಎಂದು ನಾನು ಕಣ್ಣೀರು ಹಾಕುವವನಲ್ಲ. ತಪ್ಪೇ, ಆದರೆ ನನಗೆ ನಿದ್ದೆ ಕೆಡುವುದಿಲ್ಲ. ತುಳುವಿನದ್ದು ಹಾಗಲ್ಲ. ಮೊದಲ ತುಳು ಸಿನಿಮಾ ಬಂದದ್ದು 1971ರಲ್ಲಿ. ಇವತ್ತಿಗೂ ಅದರ ಮಾರುಕಟ್ಟೆ ಎಂದರೆ ಹೆಚ್ಚಾಗಿ ದಕ್ಷಿಣ ಕನ್ನಡ, ಉಡುಪಿ ಎಂಬ ಎರಡು ಜಿಲ್ಲೆ, ಕಾಸರಗೋಡು, ಮುಂಬಯಿ, ಗಲ್ಫಿನ ಕೆಲವು ಶೋ. ಮೊದಲ ವಾರ ಟೆಲಿಗ್ರಾಂಗೆ ಬಂದರೆ ನಷ್ಟ ತುಂಬಿಸಿಕೊಳ್ಳಲು ಇನ್ನೊಂದು ರಾಜ್ಯ ಇಲ್ಲ. ಥಿಯೇಟರಿನಲ್ಲಿ ಕೂತು ಮೊಬೈಲಿನಲ್ಲಿ ತೆಗೆಯುವವರಿಗೆ ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಕನಿಷ್ಠ 3 ಲಕ್ಷ ದಂಡ ಇಟ್ಟಿದೆ, ಸಿನಿಮಾ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ನನ್ನ ಪ್ರಕಾರ ಅದೂ ಕಡಿಮೆಯೇ. ಹೌದು, ಇದರಲ್ಲಿ ನನಗೆ ಪಕ್ಷಪಾತ ಉಂಟು.

"ದುಡ್ಡು ಕೊಟ್ಟರೂ ಹಾಡು ಬರೆದವನಿಗೆ ಸಿಗುವುದಿಲ್ಲ, ಕಂಪನಿಯೇ ನುಂಗುತ್ತದೆ" ಎಂದೂ ಬರೆದಿದ್ದೀರಿ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಗೀತರಚನೆಕಾರರು, ಸಂಗೀತ ನಿರ್ದೇಶಕರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದೇ ಇಲ್ಲ. ಕೈಗೆ ಎಷ್ಟು ಬರುತ್ತದೆ ಎಂಬುದು ಬೇರೆ ಜಗಳ. ಆದರೆ ನೀವು ಕದ್ದು ಕೇಳಿದರೆ ಆ ಜಗಳಕ್ಕೂ ಏನೂ ಉಳಿಯುವುದಿಲ್ಲ.

ಒಂದು ಕಡೆ ಮಾತ್ರ ನಾನು ಸಡಿಲ. ಹಳೆಯ ಯಕ್ಷಗಾನ, ಕೊಂಕಣಿ ಕ್ಯಾಸೆಟ್ಟುಗಳು. ಕಂಪನಿ ಮುಚ್ಚಿದೆ, ಅಂಗಡಿಯಲ್ಲಿಲ್ಲ, ಟೇಪಿಗೆ ಬೂಸ್ಟು ಹಿಡಿಯುತ್ತಿದೆ. ಅಂಥದ್ದನ್ನು ಯಾರಾದರೂ ಕಂಪ್ಯೂಟರಿಗೆ ಹಾಕಿ ಉಳಿಸಿದರೆ ಅವರಿಗೆ ನನ್ನದೊಂದು ನಮಸ್ಕಾರ. ಆದರೂ ಹಿಂದಿನ ಕಾಲದ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಕ್ಕೆ ಇವತ್ತು ಹಕ್ಕುದಾರರಿಲ್ಲ, ಮೊನ್ನೆ ರಾತ್ರಿ ಅದನ್ನು ಹಾಡಿದ ಭಾಗವತರಿಗೆ ಮಾತ್ರ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕು ಉಂಟು. ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗಿ ಒಂದು ಮಾತು ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ.

ದುಡ್ಡಿಲ್ಲ ಎಂಬುದಕ್ಕೆ ಬರುತ್ತೇನೆ. ಎಲ್ಲವನ್ನೂ ನೋಡಲೇಬೇಕು ಎಂದು ನಿಮಗೆ ಹೇಳಿದವರು ಯಾರು? ಒಂದು ತಿಂಗಳು ಒಂದು ಒಟಿಟಿ ಹಾಕಿ, ಬೇಕಾದ್ದು ನೋಡಿ ಮುಗಿಸಿ, ಬಿಡಿ, ಮುಂದಿನ ತಿಂಗಳು ಇನ್ನೊಂದು. ಹಾಡುಗಳು ಜಾಹೀರಾತಿನ ಜೊತೆ ಬಿಟ್ಟಿ ಸಿಗುತ್ತವೆ. ತುಳು, ಕೊಂಕಣಿ, ಯಕ್ಷಗಾನಕ್ಕೆ ದುಡ್ಡು ಕೊಡಿ, ಇಲ್ಲದಿದ್ದರೆ ನೋಡಬೇಡಿ.

ನನಗಿಂತ ಮೊದಲು ಉತ್ತರಿಸಿದವರು ವಿಪಿಎನ್ ಹಾಕಿಕೊಳ್ಳಿ, ತಲೆಬಿಸಿ ಇಲ್ಲ ಎಂದಿದ್ದಾರೆ. ವಿಪಿಎನ್ ನಿಮ್ಮ ವಿಳಾಸ ಮುಚ್ಚುತ್ತದೆ, ಅಪ್‌ಲೋಡ್ ನಿಲ್ಲಿಸುವುದಿಲ್ಲ. ಈಗಲೇ ಟೊರೆಂಟ್ ತೆರೆದು 'ಅಪ್‌ಲೋಡೆಡ್' ಎಂಬ ಕಾಲಂ ನೋಡಿ, ಅಲ್ಲಿರುವ ಸಂಖ್ಯೆಯನ್ನು ಕಮೆಂಟಿನಲ್ಲಿ ಹಾಕಿ. ನಷ್ಟದ ವಿಷಯ ಅದಾದ ಮೇಲೆ ಮಾತಾಡೋಣ.