ತವರ ಕರಗಿತು, ಅನಿಲೀನ್ ಎಲ್ಲಿ ಹೋಯಿತು?

ಪ್ರಶ್ನೆ: ನೈಟ್ರೊಬೆಂಜೀನಿಗೆ ತವರ, ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ಕಾಯಿಸಿದೆವು. ಎಣ್ಣೆಯ ಪದರವೂ ಅದರ ವಾಸನೆಯೂ ಹೋದವು. ಕಾಸ್ಟಿಕ್ ಸೋಡಾ ಹಾಕಿದಾಗ ಬಿಳಿ ಗಸಿ ಬಂತು. ಹಬೆ ಹಾಯಿಸಿದರೆ ಅನಿಲೀನ್ ಮಾತ್ರ ಬರಲಿಲ್ಲ. ಏನು ತಪ್ಪಾಯಿತು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಅಪಕರ್ಷಣ (ನೈಟ್ರೊಬೆಂಜೀನ್ ಅನಿಲೀನ್ ಆಗುವ ಕ್ರಿಯೆ) ಸರಿಯಾಗಿಯೇ ಆಗಿದೆ, ಸೋಡಾ ಸಾಲಲಿಲ್ಲ. ಆಮ್ಲ ಇರುವವರೆಗೂ ಅನಿಲೀನಿನ ಸಾರಜನಕ ತನ್ನ ಒಂಟಿ ಜೋಡಿ (ಬಂಧದಲ್ಲಿ ತೊಡಗದ) ಎಲೆಕ್ಟ್ರಾನುಗಳಿಂದ ಪ್ರೋಟಾನನ್ನು ಹಿಡಿದುಕೊಂಡು, ಲವಣವಾಗಿ ನೀರಿನಲ್ಲೇ ಕರಗಿರುತ್ತದೆ. ಲವಣ ಹಬೆಯ ಜೊತೆ ಏಳುವುದಿಲ್ಲ. ಗಸಿ ಕಂಡ ಕೂಡಲೇ ಸೋಡಾ ನಿಲ್ಲಿಸುವುದು ಇಲ್ಲಿನ ಮಾಮೂಲಿ ಎಡವಟ್ಟು. ತವರದ ಹೈಡ್ರಾಕ್ಸೈಡ್ ದ್ರಾವಣ ಇನ್ನೂ ಆಮ್ಲೀಯವಾಗಿರುವಾಗಲೇ ಬೀಳುತ್ತದೆ.

25 ಗ್ರಾಂ ನೈಟ್ರೊಬೆಂಜೀನಿಗೆ 45 ಗ್ರಾಂ ತವರದ ಹರಳು, 100 ಮಿ.ಲೀ. ಗಾಢ ಆಮ್ಲ ಬೇಕು. ಆಮ್ಲವನ್ನು ಕಂಡೆನ್ಸರ್ ಮೂಲಕ 15 ಮಿ.ಲೀ.ನಂತೆ ಬಿಡಿ, ಕುದಿ ತಗ್ಗಿದ ಮೇಲೆ ಮುಂದಿನ ಕಂತು. ಬಳಿಕ ಅರ್ಧದಿಂದ ಒಂದು ಗಂಟೆ ಕುದಿಯುವ ನೀರಿನ ಮೇಲಿಡಿ. ಒಂದೆರಡು ಹನಿ ನೀರಿಗೆ ಬಿಟ್ಟರೆ ತಿಳಿಯಾಗಿ ಬೆರೆಯಬೇಕು. ತಣಿದ ಫ್ಲಾಸ್ಕಿಗೆ 125 ಮಿ.ಲೀ. ನೀರಿನಲ್ಲಿ ಕರಗಿಸಿದ 75 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಸುರಿಯಿರಿ. ಗಸಿ ಮೊದಲು ದಟ್ಟವಾಗಿ, ಆಮೇಲೆ ಸ್ಟ್ಯಾನೇಟ್ ಎಂಬ ತವರದ ಲವಣವಾಗಿ ಪೂರ್ತಿ ಕರಗಬೇಕು. ಲಿಟ್ಮಸ್ ಗಾಢ ನೀಲಿಯಾಗಬೇಕು. ಅನಿಲೀನನ್ನು ಬಿಡಿಸಲು ಪಿಎಚ್ 7 ಸಾಕು, ಇಷ್ಟು ಸೋಡಾ ತಿನ್ನುವುದು ತವರ.

ಈಗ ಹಬೆ ಹಾಯಿಸಿದರೆ ಹಾಲಿನಂಥ ನೀರು ಇಳಿಯುತ್ತದೆ. 100 ಮಿ.ಲೀ. ನೀರಿನಲ್ಲಿ ಸುಮಾರು 3.5 ಗ್ರಾಂ ಅನಿಲೀನ್ ಕರಗಿ ಉಳಿದುಬಿಡುವುದರಿಂದ, ಪ್ರತಿ 100 ಮಿ.ಲೀ.ಗೆ 20 ಗ್ರಾಂ ಉಪ್ಪು ಹಾಕಿ ಈಥರಿನಿಂದ ಬೇರ್ಪಡಿಸಿ. ಹತ್ತಿರ ಬರ್ನರ್ ಉರಿಯುತ್ತಿರಬಾರದು. ಒಣಗಿಸಲು ಕ್ಯಾಲ್ಸಿಯಂ ಕ್ಲೋರೈಡ್ ಬೇಡವೇ ಬೇಡ, ಅದೇ ಒಂಟಿ ಜೋಡಿ ಕ್ಯಾಲ್ಸಿಯಮ್ಮಿಗೂ ಅಂಟಿಕೊಳ್ಳುತ್ತದೆ. ಕಾಸ್ಟಿಕ್ ಗುಳಿಗೆ ಬಳಸಿ. ಈಥರ್ ಹೋದ ಮೇಲೆ 184 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಟ್ಟಿ ಇಳಿದದ್ದನ್ನು ಹಿಡಿಯಿರಿ. 17 ಗ್ರಾಂ ಸಿಕ್ಕರೆ ಒಳ್ಳೆಯ ಇಳುವರಿ; ಲೆಕ್ಕದ ಪ್ರಕಾರ ಗರಿಷ್ಠವೇ 18.9 ಗ್ರಾಂ. ಕೈಗವಸು ಕಡ್ಡಾಯ. ನೈಟ್ರೊಬೆಂಜೀನ್, ಅನಿಲೀನ್ ಎರಡೂ ಚರ್ಮದ ಮೂಲಕ ಒಳಸೇರಿ ರಕ್ತದ ಆಮ್ಲಜನಕ ಸಾಗಣೆಯನ್ನು ಕೆಡಿಸುತ್ತವೆ.

ಪ್ರಶ್ನೆ: ಮಿಥೈಲ್ ಗುಂಪು ಸಾರಜನಕದತ್ತ ಎಲೆಕ್ಟ್ರಾನ್ ತಳ್ಳುತ್ತದೆ. ಹಾಗಾದರೆ ಮೂರು ಮಿಥೈಲ್ ಇರುವ ಟ್ರೈಮಿಥೈಲಮೀನೇ ಅತಿ ಪ್ರಬಲ ಪ್ರತ್ಯಾಮ್ಲ ಆಗಬೇಕಲ್ಲವೇ?
– ಪಿಯು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಅನಿಲ ಸ್ಥಿತಿಯಲ್ಲಿ ನಿಮ್ಮ ಮಾತು ನಿಜ. ನೀರಿನಲ್ಲಿ ಹಾಗಲ್ಲ. ಪ್ರೋಟಾನ್ ಹಿಡಿದ ಅಯಾನನ್ನು ನೀರಿನ ಅಣುಗಳು ಸಾರಜನಕ–ಹೈಡ್ರೊಜನ್ ಬಂಧಗಳ ಮೂಲಕ ಹಿಡಿದು ಸ್ಥಿರಗೊಳಿಸುತ್ತವೆ. ಮಿಥೈಲಮೀನಿನ ಅಯಾನಿಗೆ ಅಂಥ ಬಂಧ ಮೂರು, ಡೈಮಿಥೈಲಿನದಕ್ಕೆ ಎರಡು, ಟ್ರೈಮಿಥೈಲಿನದಕ್ಕೆ ಒಂದೇ ಒಂದು. ಮಿಥೈಲಿನ ತಳ್ಳುವಿಕೆ, ನೀರಿನ ಈ ಹಿಡಿತ ಎರಡೂ ಸೇರಿ ಪಿಕೆಬಿ (ಪ್ರತ್ಯಾಮ್ಲದ ಬಲ ತೋರಿಸುವ ಸಂಖ್ಯೆ) ಕ್ರಮವಾಗಿ 3.38, 3.27, 4.22, ಅಮೋನಿಯಾದ್ದು 4.75. ಸಂಖ್ಯೆ ಚಿಕ್ಕದಾದಷ್ಟೂ ಪ್ರತ್ಯಾಮ್ಲ ಪ್ರಬಲ. (ಘಟ್ಟ ಹತ್ತಿ ಬರುವ ಬಂಗುಡೆಯ ವಾಸನೆಗೆ ಮುಖ್ಯ ಕಾರಣ ಇದೇ ಟ್ರೈಮಿಥೈಲಮೀನ್, ಹುಣಸೆಹುಳಿ ಸೋಕಿದರೆ ಲವಣವಾಗಿ ವಾಸನೆ ಅಡಗುತ್ತದೆ.) ಅನಿಲೀನಿನ ಪಿಕೆಬಿ ಸುಮಾರು 9.4, ಏಕೆಂದರೆ ಅದರ ಒಂಟಿ ಜೋಡಿ ಬೆಂಜೀನ್ ಉಂಗುರದೊಳಗೆ ಹಂಚಿಹೋಗಿದೆ. ಇಥೈಲ್ ಗುಂಪಿನಲ್ಲಿ ನೀರಿನಲ್ಲಿನ ಕ್ರಮವೇ ಬೇರೆ, ಪ್ರಬಲದಿಂದ ದುರ್ಬಲಕ್ಕೆ: ಡೈ, ಟ್ರೈ, ಆಮೇಲೆ ಮಾನೊ. ಪರೀಕ್ಷೆಯಲ್ಲಿ ಎರಡನ್ನೂ ಕೇಳುತ್ತಾರೆ, ‘ಜಲೀಯ ದ್ರಾವಣದಲ್ಲಿ’ ಎಂದಿದೆಯೇ ಎಂದು ಮೊದಲು ನೋಡಿಕೊಳ್ಳಿ.