ರಾತ್ರಿ ಬೂಟು ಬಿಚ್ಚಬಹುದಾ ಡಾಕ್ಟ್ರೇ?

ಪ್ರಶ್ನೆ: ಮಳವಳ್ಳಿ ಹತ್ತಿರದ ಹಳ್ಳಿ ನಮ್ಮದು. ಮಗನಿಗೆ ಒಂದೂವರೆ ವರ್ಷ. ಹುಟ್ಟಿನಿಂದ ಸೊಟ್ಟಪಾದ. ಸಿಮೆಂಟ್ ಪಟ್ಟಿ ಹಾಕಿಸಿ ನೇರವಾಗಿದೆ, ನಡೆಯುತ್ತಾನೆ. ಮಲಗುವಾಗ ನಡುವೆ ಸರಳಿರುವ ಜೋಡಿ ಬೂಟು ಹಾಕಿದರೆ ‘ಮಗೂಗೆ ಬೇಡಿ ಹಾಕಿದ್ದೀಯಾ’ ಅಂತ ಬಂದವರೆಲ್ಲ ಕೇಳುತ್ತಾರೆ. ಗ್ರಹಣದ ದಿನ ನಾನು ಈಳಿಗೆ ಮಣೆ ಮುಟ್ಟಿದ್ದಕ್ಕೇ ಹೀಗಾಯಿತು ಅಂತಾರೆ ಅತ್ತೆ. ಬೂಟು ನಿಲ್ಲಿಸಬಹುದಾ?

ಉತ್ತರ: ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮುಗಿಯುವುದಿಲ್ಲ.

ಪಾದ ನೇರವಾಗಿ ಕಾಣುತ್ತಿದೆ, ಅಷ್ಟೇ. ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳಿಗೆ ಇನ್ನೂ ಹಳೇ ದಿಕ್ಕೇ ನೆನಪು. ಸೊಟ್ಟಪಾದ ತಿದ್ದುವ ಪೊನ್ಸೆಟಿ ಪದ್ಧತಿಯಲ್ಲಿ ವಾರಕ್ಕೊಂದರಂತೆ ಐದಾರು ಪಟ್ಟಿ ಹಾಕುವುದು ಸುಲಭದ ಕೆಲಸ. ಆಮೇಲೆ ಮೂರು ತಿಂಗಳು ದಿನಕ್ಕೆ 23 ಗಂಟೆ ಬೂಟು. ಅಲ್ಲಿಂದ ಮಲಗುವಾಗ ಮಾತ್ರ, 4 ವರ್ಷ ತುಂಬುವವರೆಗೆ. ನಾನು ಸ್ವಲ್ಪ ಪುಕ್ಕಲು, 5 ಅನ್ನುತ್ತೇನೆ. ಪಾದ ಮತ್ತೆ ತಿರುಗಲು ದೊಡ್ಡ ಕಾರಣವೇ ಬೂಟು ಬಿಟ್ಟಿದ್ದು. ಯಾಕೆ ಬಿಟ್ಟಿರಿ ಅಂದರೆ, ಮಗು ಅತ್ತಿತು ಅನ್ನುವವರು ಕಡಿಮೆ. ಹಬ್ಬಕ್ಕೆ ತವರಿಗೆ ಹೋಗಿದ್ವಿ, ಜನ ಏನಂದುಕೊಳ್ತಾರೋ ಅಂತ ಬೂಟು ಮನೆಯಲ್ಲೇ ಬಿಟ್ವಿ, ವಾಪಸ್ ಬಂದು ಹಾಕಿದರೆ ಹಿಡಿಯಲೇ ಇಲ್ಲ. ಇಂಥ ಕಥೆಗಳೇ ಜಾಸ್ತಿ.

ಇನ್ನು ಗ್ರಹಣ. ಅವತ್ತು ಮಂಡ್ಯ ಜಿಲ್ಲೆಯ ಬಸುರಿಯರಲ್ಲಿ ನೀವೊಬ್ಬರೇ ತರಕಾರಿ ಹೆಚ್ಚಿದ್ದಾ? ಸಾವಿರ ಹೆರಿಗೆಗೆ ಒಂದೆರಡು ಮಕ್ಕಳು ಹೀಗೆ ಹುಟ್ಟುತ್ತವೆ. ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು. ಚಂದ್ರನಿಗೆ ಗಂಡು ಹೆಣ್ಣು ಗೊತ್ತಾಗುತ್ತಾ? ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬನ್ನಿ. ರಾತ್ರಿ ಬೂಟಿನ ಬಕಲ್ ಹಾಕುವ ಕೆಲಸ ಅವರಿಗೇ ಒಪ್ಪಿಸುತ್ತೇನೆ. ಎಣ್ಣೆ ನೀವಿ ಪಾದ ತಿರುಗಿಸ್ತೀನಿ ಅನ್ನುವವರ ಹತ್ತಿರ ಹೋದರೆ ಮಾತ್ರ ನನ್ನ ಹತ್ತಿರ ಮತ್ತೆ ಬರಬೇಡಿ. ಅಲ್ಲ, ಬನ್ನಿ. ಬೈಸಿಕೊಂಡು ಪಟ್ಟಿ ಹಾಕಿಸಿಕೊಂಡು ಹೋಗಿ.

ಪ್ರಶ್ನೆ: ಹುಡುಗನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಹೆಣ್ಣು ಕೊಟ್ಟರೆ ಮಕ್ಕಳಿಗೂ ಬರುತ್ತಾ?

ಉತ್ತರ: ಇಲ್ಲ, ಅದು ವೈರಸ್ಸು. ಮಕ್ಕಳ ಬಗ್ಗೆ ಯೋಚಿಸಬೇಕಾದ್ದು ರಕ್ತಸಂಬಂಧದ ಮದುವೆಯಲ್ಲಿ; ಸೋದರಮಾವನಿಗೆ ಹೆಣ್ಣು ಕೊಡುವಾಗ ಈ ಪ್ರಶ್ನೆ ಯಾರಿಗೂ ಬರಲ್ಲ, ಅಲ್ವಾ?

ಪ್ರಶ್ನೆ: ನಮ್ಮೂರಲ್ಲಿ ಒಬ್ಬರನ್ನು ಎಲ್ಲರೂ ಪ್ರೀತಿಯಿಂದಲೇ ‘ಕುಂಟಣ್ಣ’ ಅಂತೀವಿ. ತಪ್ಪಾ?

ಉತ್ತರ: ನಿಮ್ಮ ಒಂದು ಪುಟದ ಪತ್ರದಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಕಲಂ ಓದಿ: ಬೇಕಂತಲೇ ನಾಲ್ಕು ಜನರ ಎದುರು ಅವಮಾನ ಮಾಡಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಪ್ರೀತಿ ಹೌದೋ ಅಲ್ಲವೋ, ನನ್ನನ್ನಲ್ಲ, ಅವರನ್ನು ಕೇಳಿ.