ಹೆಸರಿನೊಳಗೆ ಒಡೆಯ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೊಮ್ಮಗನನ್ನು ಮುಂದಿನ ವಾರ ತೊಟ್ಟಿಲಿಗೆ ಹಾಕುವವರಿದ್ದೇವೆ. ದೇವರಗುಡ್ಡಕ್ಕೆ ನಡೆದುಕೊಳ್ಳುವ ಮನೆತನ, ‘ಮಾಲತೇಶ’ ಎಂದಿಡಬೇಕೆಂದು ನನ್ನ ಆಸೆ. ಮಗ–ಸೊಸೆಗೆ ಸಣ್ಣ, ಹೊಸ ಹೆಸರು ಬೇಕು. ‘ಒಡೆಯ’ ಎಂಬ ಅರ್ಥ ಮಾತ್ರ ಇರಲಿ ಅನ್ನುತ್ತಾರೆ. ‘ಏಶ’ ಅಂತ ಮುಗಿಯುವ ಹೆಸರಿಗೆಲ್ಲ ಅದೇ ಅರ್ಥ ಏನ್ರಿ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎಲ್ಲಕ್ಕೂ ಇಲ್ಲ. ಹೆಸರನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ‘ಈಶ’ ಎಂದರೆ ಒಡೆಯ. ಅದರ ಹಿಂದಿನ ಪದ ಅ, ಆ ಸ್ವರದಿಂದ ಮುಗಿದರೆ ಗುಣಸಂಧಿಯಾಗಿ ‘ಏ’ ಬರುತ್ತದೆ: ಗಣ, ಈಶ ಸೇರಿ ಗಣೇಶ, ರಮಾ, ಈಶ ಸೇರಿ ರಮೇಶ. ಇ, ಈ ಸ್ವರದಿಂದ ಮುಗಿದರೆ ‘ಈ’ ಉಳಿಯುತ್ತದೆ: ಸತೀಶ, ರಜನೀಶ. ವಾಕ್, ಜಗತ್ ಮೊದಲಾದ ಪದಗಳ ಕೊನೆಯ ವ್ಯಂಜನ ಮೆತ್ತಗಾಗಿ ವಾಗೀಶ, ಜಗದೀಶ ಆಗುತ್ತವೆ. ‘ಸಂದೇಶ’ದಲ್ಲಿ ಈಶ ಇಲ್ಲವೇ ಇಲ್ಲ, ಅದು ತೋರಿಸು, ತಿಳಿಸು ಎಂಬರ್ಥದ ‘ದಿಶ್’ ಧಾತುವಿನಿಂದ ಬಂದದ್ದು.

ಬಿಡಿಸಿದಾಗ ಯಾರ ಒಡೆಯ ಎಂಬುದೂ ಕಾಣುತ್ತದೆ. ಹೆಸರಿನ ಸೊಗಸೆಲ್ಲ ಅಲ್ಲೇ ಇದೆ. ಉಮೇಶ, ಸತೀಶ ಎಂದರೆ ಶಿವ. ರಮೇಶ, ಕಮಲೇಶ ಎಂದರೆ ವಿಷ್ಣು. ದಿನೇಶ ಸೂರ್ಯ, ರಜನೀಶ ಚಂದ್ರ, ರಾಕೇಶನೂ ಚಂದ್ರನೇ, ‘ರಾಕಾ’ ಎಂದರೆ ಹುಣ್ಣಿಮೆ. ಈಶ ಅಂದರೆ ಶಿವನೇ ಎಂದುಕೊಂಡು ‘ರಮೇಶ’ ಆರಿಸಿದರೆ ಅದು ವಿಷ್ಣುವಿನ ಹೆಸರಾಗುತ್ತದೆ. ಅದರಲ್ಲಿ ದೋಷವೇನೂ ಇಲ್ಲ, ತಿಳಿದು ಇಟ್ಟರೆ ಸಾಕು. ಗಿರೀಶ ಬೆಟ್ಟದ ಒಡೆಯ; ಹ್ರಸ್ವ ಬರೆದು ‘ಗಿರಿಶ’ ಅಂದರೆ ಬೆಟ್ಟದಲ್ಲಿ ನೆಲೆಸಿದವನು. ಎರಡೂ ಶಿವನ ಹೆಸರುಗಳೇ, ಅರ್ಥ ಮಾತ್ರ ಬೇರೆ.

ಮಾಲತೇಶ ನಿಮ್ಮ ಭಾಗದ ದೇವರ ಹೆಸರು. ಗದಗಿನ ತ್ರಿಕೂಟೇಶ್ವರ, ಹಾನಗಲ್ಲಿನ ತಾರಕೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರರ ಹಾಗೆ ಅದು ಊರಿನ ನೆನಪನ್ನೂ ಹೊತ್ತಿದೆ. ಇಂಥ ಹೆಸರನ್ನು ಸಂಧಿ ನೋಡಿ ತಿದ್ದಲು ಹೋಗಬೇಡಿ, ಜನ ಕರೆಯುವಂತೆಯೇ ಬರೆಯಿಸಿ. ನಮ್ಮ ಸಲಹೆ: ದಾಖಲೆಗೆ ಮಾಲತೇಶ, ಮನೆಯಲ್ಲಿ ಕರೆಯಲು ಈಶ. ಮಗ–ಸೊಸೆ ಒಪ್ಪದಿದ್ದರೆ ‘ಈಶಾನ’ ಇಡಬಹುದು. ಶಿವನ ಐದು ಮುಖಗಳಲ್ಲಿ ಒಂದರ ಹೆಸರದು, ಒಡೆಯನೆಂಬ ಅರ್ಥವೂ ನೇರವಾಗಿದೆ. ಆದರೆ ಇಂಗ್ಲಿಷಿನಲ್ಲಿ ‘ಐ’ ಅಕ್ಷರ ಒಂದೇ ಹಾಕಿ ಬರೆದು, ಅದನ್ನು ಮತ್ತೆ ಕನ್ನಡಕ್ಕೆ ತರುವಾಗ ‘ಇಶಾನ್’ ಆಗಿಬಿಡುತ್ತದೆ. ಅರ್ಜಿಯಲ್ಲಿ ಮೊದಲು ಕನ್ನಡದ ಹೆಸರು ತುಂಬಿ, ಆಮೇಲೆ ಇಂಗ್ಲಿಷ್ ನಿರ್ಧರಿಸಿ.

ಪ್ರಶ್ನೆ: ನಾವು ಕ್ರೈಸ್ತರು. ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು. ಇಬ್ಬರಿಗೂ ‘ಕರ್ತನು’ ಎಂಬರ್ಥ ಸೇರಿದ ಹೆಸರು ಸೂಚಿಸಿ.
– ಓದುಗರು, ಹುಬ್ಬಳ್ಳಿ

ಉತ್ತರ: ಹುಡುಗಿಗೆ ಮಾರ್ಥಾ. ಅರಮಾಯಿಕ್ ಭಾಷೆಯಲ್ಲಿ ‘ಮಾರ್’ ಎಂದರೆ ಒಡೆಯ, ಅದರ ಸ್ತ್ರೀರೂಪವೇ ಮಾರ್ಥಾ, ಅಂದರೆ ಮನೆಯೊಡತಿ. ಹುಡುಗನಿಗೆ ಡೊಮಿನಿಕ್, ಲ್ಯಾಟಿನ್‌ನಲ್ಲಿ ‘ಕರ್ತನಿಗೆ ಸೇರಿದವನು’. ಭಾನುವಾರಕ್ಕೆ ಲ್ಯಾಟಿನ್‌ನಲ್ಲಿ ಕರ್ತನ ದಿನ ಎಂಬ ಹೆಸರಿರುವುದರಿಂದ ಆ ದಿನ ಹುಟ್ಟಿದವರಿಗೂ ಇದನ್ನು ಇಡುತ್ತಾ ಬಂದಿದ್ದಾರೆ. ಗ್ರೀಕ್ ಮೂಲದ ಸಿರಿಲ್ ಕೂಡ ಒಳ್ಳೆಯದು, ಉಚ್ಚರಿಸಲು ಸುಲಭ. ಹೀಬ್ರೂವಿನ ಅದೋನೀಯ ಎಂದರೆ ‘ಯೆಹೋವನೇ ನನ್ನ ಒಡೆಯ’. ಅರ್ಥ ದೊಡ್ಡದು, ಆದರೆ ಬೈಬಲಿನ ಅದೋನೀಯ ಸಿಂಹಾಸನಕ್ಕೆ ಕೈಚಾಚಿ ಸೊಲೊಮೋನನ ಅಪ್ಪಣೆಯಿಂದ ಸತ್ತವನು ಎಂಬುದು ಗೊತ್ತಿರಲಿ. ಪಟ್ಟಿಗಳಲ್ಲಿ ಸಿಗುವ ಫ್ರೇಯಾ ಹೆಸರಿಗೆ ಒಡತಿ ಎಂಬ ಅರ್ಥವೇನೋ ಇದೆ. ಅವಳು ಹಳೆಯ ನಾರ್ಸ್ ಜನರ ದೇವತೆ.

ಪ್ರಶ್ನೆ: ಮಗನಿಗೆ ಮಲಿಕ್ ಎಂದಿಡಬೇಕೋ, ಮಾಲಿಕ್ ಎಂದೋ? ಅಬ್ದುಲ್ ಸೇರಿಸಲೇಬೇಕೇ?
– ಓದುಗರು, ಧಾರವಾಡ

ಉತ್ತರ: ಅರಬ್ಬಿಯಲ್ಲಿ ಮಲಿಕ್ ಎಂದರೆ ಅರಸ, ಮಾಲಿಕ್ ಎಂದರೆ ಒಡೆಯ. ‘ಅಲ್ ಮಲಿಕ್’ ಅಲ್ಲಾಹನ 99 ಹೆಸರುಗಳಲ್ಲಿ ಒಂದು, ಆದ್ದರಿಂದ ಅಬ್ದುಲ್ ಮಲಿಕ್ ಎಂದಿಡುವುದು ರೂಢಿ. ಇಮಾಮ್ ಮಾಲಿಕ್ ಅವರ ಹೆಸರಿನಂತೆ ಮಾಲಿಕ್ ಒಂದೇ ಆದರೂ ನಡೆಯುತ್ತದೆ. ಆದರೆ ‘ಅಬ್ದುಲ್’ ಎಂದಷ್ಟೇ ಬರೆಯಿಸಬೇಡಿ. ಅದಕ್ಕೆ ‘...ನ ಸೇವಕ’ ಎಂದಷ್ಟೇ ಅರ್ಥ, ಹೆಸರು ಅರ್ಧಕ್ಕೇ ನಿಲ್ಲುತ್ತದೆ. ದಾಖಲೆಯಲ್ಲಿ ಎರಡು ಪದಗಳನ್ನೂ ಒಂದೇ ಹೆಸರಾಗಿ ತುಂಬಿ. ಇಲ್ಲವಾದರೆ ಮಲಿಕ್ ಎಂಬುದು ಅಡ್ಡಹೆಸರಿನ ಕಡೆಗೆ ಸರಿಯುತ್ತದೆ. ಅಮೀರ್, ಆಮಿರ್ ಕೂಡ ಬೇರೆಬೇರೆ: ಮೊದಲನೆಯದು ಅಧಿಪತಿ, ಎರಡನೆಯದಕ್ಕೆ ಆ ಅರ್ಥವಿಲ್ಲ.

ಪ್ರಶ್ನೆ: ಹೆಸರು ಇನ್ನೂ ಗೊತ್ತಾಗಿಲ್ಲ. ಜನನ ನೋಂದಣಿ ತಡ ಮಾಡಬಹುದೇ?
– ಓದುಗರು, ಗದಗ

ಉತ್ತರ: ಬೇಡ. ಜನನದ ವಿವರವನ್ನು 21 ದಿನದೊಳಗೆ ಕೊಡಬೇಕು, ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಹೆಸರನ್ನು ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಬೇಕು. ಎಲ್ಲಿ ನೋಂದಣಿಯಾಗಿದೆಯೋ ಆ ಕಚೇರಿಗೇ ಹೋಗಿ. ಜನನ–ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ ಜಾರಿಯಾದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಪ್ರತಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಮಗುವಿನ, ತಂದೆ–ತಾಯಿಯ ಹೆಸರು ಎರಡೂ ಭಾಷೆಯಲ್ಲಿ ಸರಿ ಇವೆಯೇ ಎಂದು ಅಕ್ಷರ ಅಕ್ಷರ ನೋಡಿ. ಇನಿಷಿಯಲ್ ಬೇಡ, ಅಡ್ಡಹೆಸರನ್ನು ಪೂರ್ತಿ ಬರೆಯಿಸಿ.